ವರ್ಷಗಟ್ಟಲೆಯ ನಿದ್ದೆ ಮಾತ್ರೆಯನ್ನು ನಿಧಾನವಾಗಿ ಬಿಡುವುದು: ಹಿರಿಯರಿಗೂ ಅವರ ಮನೆಯವರಿಗೂ ಒಂದು ಮಾರ್ಗದರ್ಶಿ

ಅಮ್ಮನೋ ಅಪ್ಪನೋ ಎಷ್ಟೋ ವರ್ಷಗಳಿಂದ ಮಲಗುವ ಮುಂಚೆ ಒಂದು ಮಾತ್ರೆ ನುಂಗುತ್ತಿದ್ದಾರೆ. ಈಗ ಬೆಳಿಗ್ಗೆ ಎದ್ದರೆ ತೂರಾಡುತ್ತಾರೆ, ಹೇಳಿದ್ದು ಮರೆಯುತ್ತಾರೆ. ಬಿಡಿಸುವುದು ಹೇಗೆ? ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುವುದು ಇದನ್ನೇ. ಹಿರಿಯರೇ ಕೇಳಿದಾಗ ಇನ್ನೊಂದು ಸಾಲು ಸೇರಿರುತ್ತದೆ: ನಿಲ್ಲಿಸಿ ನೋಡಿದೆ, ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ, ಮತ್ತೆ ಶುರುಮಾಡಿದೆ.

ಉತ್ತರಕ್ಕೆ ಮುಂಚೆ ಒಂದು ಎಚ್ಚರಿಕೆ. ಇದನ್ನು ಓದಿ ಇವತ್ತು ರಾತ್ರಿಯೇ ಮಾತ್ರೆ ನಿಲ್ಲಿಸಬೇಡಿ. ಬಹುಕಾಲ ತೆಗೆದುಕೊಂಡ ಈ ಬಗೆಯ ಔಷಧವನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ತೀವ್ರ ಗೊಂದಲ ಉಂಟಾಗಬಹುದು, ಕೆಲವೊಮ್ಮೆ ಜೀವಕ್ಕೇ ಕುತ್ತು ಬರಬಹುದು. ಇದು ಮಾತ್ರೆ ಬರೆದುಕೊಟ್ಟ ವೈದ್ಯರ ಜೊತೆ ಸೇರಿ ಮಾಡುವ ಕೆಲಸ. ಅವರ ಹತ್ತಿರ ನೀವು ತಯಾರಾಗಿ ಹೋಗಬೇಕು, ಆಮೇಲಿನ ತಿಂಗಳುಗಳನ್ನು ಮನೆಯಲ್ಲಿ ಸರಿಯಾಗಿ ನಿಭಾಯಿಸಬೇಕು. ಈ ಲೇಖನ ಅದಕ್ಕಾಗಿ.

ಯಾವ ಮಾತ್ರೆಗಳ ಮಾತು ಇದು

ಎರಡು ಗುಂಪುಗಳಿವೆ. ಮೊದಲನೆಯದು ಬೆಂಜೋಡಯಜೆಪೀನ್ ಗುಂಪು: ಡಯಜೆಪಾಮ್, ಆಲ್ಪ್ರಜೋಲಾಮ್, ಲೋರಜೆಪಾಮ್, ಕ್ಲೋನಜೆಪಾಮ್, ನೈಟ್ರಜೆಪಾಮ್, ಕ್ಲೋರ್‌ಡಯಜೆಪಾಕ್ಸೈಡ್ ಮುಂತಾದವು. ಈ ಗುಂಪಿನ ಮೊದಲ ಔಷಧ ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ಎರಡನೆಯದು ಜೋಲ್ಪಿಡೆಮ್, ಜೋಪಿಕ್ಲೋನ್, ಎಸ್‌ಜೋಪಿಕ್ಲೋನ್‌ಗಳ ಗುಂಪು. ವೈದ್ಯರು ಇವನ್ನು ‘ಜೆಡ್ ಡ್ರಗ್ಸ್’ ಎನ್ನುತ್ತಾರೆ. ಮಾತ್ರೆಯ ಸ್ಟ್ರಿಪ್ ಮೇಲೆ ಕಂಪನಿ ಇಟ್ಟ ಹೆಸರೂ ಔಷಧದ ಹೆಸರೂ ಅಚ್ಚಾಗಿರುತ್ತವೆ. ಅದರಲ್ಲಿ ಔಷಧದ ಹೆಸರನ್ನು ಓದಿ. ಖಿನ್ನತೆಗೆ ಅಥವಾ ಬೇರೆ ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಗಳನ್ನೂ ನಿದ್ದೆಗೆಂದು ಬರೆಯುವುದುಂಟು. ಅವುಗಳ ಲೆಕ್ಕಾಚಾರ ಬೇರೆ. ಮೂರ್ಛೆರೋಗಕ್ಕೆ ಕ್ಲೋನಜೆಪಾಮ್‌ನಂಥದ್ದು ನಡೆಯುತ್ತಿದ್ದರೆ ಈ ಮಾರ್ಗದರ್ಶಿ ನಿಮಗಲ್ಲ.

ಮೆದುಳಿನ ಚಟುವಟಿಕೆಯನ್ನು ತಗ್ಗಿಸಲು ಗಾಬಾ ಎಂಬ ರಾಸಾಯನಿಕ ಇದೆ, ಅದು ಬ್ರೇಕ್ ಇದ್ದ ಹಾಗೆ. ಮಾತ್ರೆ ಆ ಬ್ರೇಕನ್ನು ಜೋರಾಗಿ ಒತ್ತುತ್ತದೆ. ದಿನವೂ ಹೊರಗಿನಿಂದ ಒತ್ತುತ್ತಾ ಹೋದರೆ ಮೆದುಳು ತನ್ನ ಕಡೆಯ ಒತ್ತಡವನ್ನು ಸಡಿಲಿಸುತ್ತದೆ. ಹೀಗಾಗಿ ಮಾತ್ರೆಯ ಪರಿಣಾಮ ಬರಬರುತ್ತ ಕಡಿಮೆಯಾಗುತ್ತದೆ. ತಟ್ಟನೆ ನಿಲ್ಲಿಸಿದರೆ ಎದೆಬಡಿತ, ನಡುಕ, ನಿದ್ದೆಗೇಡು ಎಲ್ಲ ಒಟ್ಟಿಗೆ ನುಗ್ಗುತ್ತವೆ. ಆ ಸಡಿಲಿಕೆ ಮತ್ತೆ ಬಿಗಿಯಾಗಲು ಸಮಯ ಬೇಕು. ನಿಧಾನವಾಗಿ ಇಳಿಸುವುದರ ಹಿಂದಿರುವ ಕಾರಣ ಇಷ್ಟೇ. ಹೀಗೆ ಹಂತ ಹಂತವಾಗಿ ಪ್ರಮಾಣ ಇಳಿಸುವುದನ್ನು ‘ಟೇಪರಿಂಗ್’ ಎನ್ನುತ್ತಾರೆ.

ವಯಸ್ಸಾದವರಲ್ಲಿ ಏಕೆ ಇಷ್ಟು ಕಾಳಜಿ

ವಯಸ್ಸಾದಂತೆ ಲಿವರ್ ಈ ಔಷಧಗಳಲ್ಲಿ ಹಲವನ್ನು ನಿಧಾನವಾಗಿ ಕರಗಿಸುತ್ತದೆ, ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚಿರುತ್ತದೆ, ಮೆದುಳೂ ಔಷಧಕ್ಕೆ ಹೆಚ್ಚು ಬೇಗ ಮಣಿಯುತ್ತದೆ. ನಲವತ್ತರಲ್ಲಿ ಶುರುಮಾಡಿದ ಅದೇ ಮಾತ್ರೆ ಎಪ್ಪತ್ತೈದರಲ್ಲಿ ಹೆಚ್ಚು ಬಲವಾದ ಮಾತ್ರೆಯಂತೆಯೇ ಕೆಲಸ ಮಾಡಬಹುದು. ಬೀಳುವುದು, ಸೊಂಟದ ಮೂಳೆ ಮುರಿಯುವುದು, ಮರೆವು, ಹಗಲಿನ ಮಂಪರು, ವಾಹನ ಓಡಿಸುವಾಗ ಅಪಘಾತ ಇವೆಲ್ಲ ಈ ಮಾತ್ರೆಗಳ ಜೊತೆ ತಳುಕು ಹಾಕಿಕೊಂಡಿವೆ. ಹಿರಿಯರಿಗೆ ಯಾವ ಔಷಧ ಬೇಡ ಎಂದು ಹೇಳುವ ‘ಬಿಯರ್ಸ್ ಮಾನದಂಡ’ ಎಂಬ ಪಟ್ಟಿ 1991ರಿಂದ ಇದೆ. 65 ದಾಟಿದವರಿಗೆ ಈ ಎರಡೂ ಗುಂಪುಗಳನ್ನು ಸಾಧ್ಯವಾದಷ್ಟು ತಪ್ಪಿಸಿ ಎಂದು ಅದು ಹೇಳುತ್ತದೆ.

ಇಷ್ಟೆಲ್ಲ ಅಪಾಯಕ್ಕೆ ಸಿಗುವ ಲಾಭ ಎಷ್ಟು? 60 ದಾಟಿದವರ ಮೇಲೆ ನಡೆದ ಅಧ್ಯಯನಗಳನ್ನು 2005ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ನಿದ್ದೆ ಮಾತ್ರೆಯಿಂದ ಹೆಚ್ಚಾದ ನಿದ್ದೆ ರಾತ್ರಿಗೆ ಸರಾಸರಿ ಸುಮಾರು 25 ನಿಮಿಷ. ಈ ಅಂಕಿಯನ್ನು ಹಿರಿಯರಿಗೆ ಖಂಡಿತ ಹೇಳಿ. ಮಾತ್ರೆಯಿಂದ ಇಡೀ ರಾತ್ರಿಯ ನಿದ್ದೆ ಬರುತ್ತಿದೆ ಎಂದು ಅವರು ನಂಬಿರುತ್ತಾರೆ. ಆ ನಂಬಿಕೆಗೆ ಕಾರಣವೂ ಇದೆ: ಈ ಔಷಧಗಳು ನೆನಪು ಮೂಡುವುದನ್ನೇ ತಡೆಯುತ್ತವೆ, ಹಾಗಾಗಿ ನಡುರಾತ್ರಿ ಎಚ್ಚರವಾದದ್ದು ಬೆಳಿಗ್ಗೆ ನೆನಪಿನಲ್ಲಿ ಉಳಿಯದೆ ಹೋಗಬಹುದು.

ಮಾತಿನ ಚಿಕಿತ್ಸೆ ಏಕೆ ಬೇಕು

ಮಾತ್ರೆ ಕಿತ್ತುಕೊಂಡು ಆ ಜಾಗವನ್ನು ಖಾಲಿ ಬಿಟ್ಟರೆ ಬಹಳಷ್ಟು ಜನ ಮತ್ತೆ ಮಾತ್ರೆಗೇ ಮರಳುತ್ತಾರೆ. ಹಲವು ವರ್ಷ ಬೆಂಜೋಡಯಜೆಪೀನ್ ತೆಗೆದುಕೊಂಡಿದ್ದ, ನಿದ್ದೆ ಬಾರದ 76 ಹಿರಿಯರ ಮೇಲೆ ಕೆನಡಾದಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ವೈದ್ಯರ ನಿಗಾದಲ್ಲಿ ಪ್ರಮಾಣವನ್ನಷ್ಟೇ ಇಳಿಸಿದ ಗುಂಪಿನಲ್ಲಿ ಮಾತ್ರೆ ಬಿಟ್ಟವರು ಶೇ. 48. ಪ್ರಮಾಣ ಇಳಿಸುವುದರ ಜೊತೆಗೆ ಮಾತಿನ ಚಿಕಿತ್ಸೆಯನ್ನೂ ಪಡೆದ ಗುಂಪಿನಲ್ಲಿ ಶೇ. 85. ನನ್ನ ಮಟ್ಟಿಗೆ ಈ ವಿಷಯದಲ್ಲಿ ಮನೆಯವರು ತಿಳಿದಿರಲೇಬೇಕಾದ ಒಂದೇ ಒಂದು ಸಂಗತಿ ಇದ್ದರೆ ಅದು ಈ ಎರಡು ಅಂಕಿಗಳ ನಡುವಿನ ಅಂತರ.

ಆ ಚಿಕಿತ್ಸೆಯ ಹೆಸರು ‘ಸಿಬಿಟಿ-ಐ’. ನಿದ್ದೆಗೇಡಿಗೆಂದೇ ರೂಪಿಸಿದ ಆಲೋಚನೆ-ನಡವಳಿಕೆ ಚಿಕಿತ್ಸೆ ಅದು. ಬಾಲ್ಯದ ನೋವುಗಳನ್ನು ಕೆದಕುವ ಆಪ್ತಸಮಾಲೋಚನೆ ಇದಲ್ಲ. ಸಾಮಾನ್ಯವಾಗಿ ಆರರಿಂದ ಎಂಟು ಭೇಟಿಗಳಲ್ಲಿ ಮುಗಿಯುವ, ಮನೆಪಾಠ ಇರುವ, ಒಂದು ಬಗೆಯ ತರಬೇತಿ. ಬಹುಕಾಲದ ನಿದ್ದೆಗೇಡಿಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಹೇಳಿತು.

ಶುರುಮಾಡುವ ಮುಂಚೆ ಕೈಯಲ್ಲಿರಬೇಕಾದವು

ಒಂದು ನೋಟ್‌ಬುಕ್, ವಾರದ ಮಾತ್ರೆ ಡಬ್ಬಿ, ಮಾತ್ರೆ ಕತ್ತರಿಸುವ ಸಣ್ಣ ಸಾಧನ, ಹಿರಿಯರು ನುಂಗುತ್ತಿರುವ ಎಲ್ಲ ಔಷಧಗಳ ಪಟ್ಟಿ, ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ಮಂದ ದೀಪ. ಜೊತೆಗೆ ಆರು ತಿಂಗಳಿಂದ ಒಂದು ವರ್ಷದವರೆಗಿನ ತಾಳ್ಮೆ. ಕೆಲವರಿಗೆ ಅದಕ್ಕೂ ಹೆಚ್ಚು ಬೇಕಾಗುತ್ತದೆ.

ಹಂತ 1: ಹಿರಿಯರ ಒಪ್ಪಿಗೆ

ಇದನ್ನು ದಾಟಿ ಮುಂದೆ ಹೋಗಬೇಡಿ. ಮಾತ್ರೆ ಬಚ್ಚಿಡುವುದು, ಗೊತ್ತಾಗದಂತೆ ಬೇರೆ ಮಾತ್ರೆ ಇಡುವುದು, ‘ನಿಮಗೆ ಚಟ ಹತ್ತಿದೆ’ ಎಂದು ಮೂದಲಿಸುವುದು, ಈ ಮೂರೂ ಕೆಲಸ ಕೆಡಿಸುತ್ತವೆ. ಅವರು ಯಾವ ತಪ್ಪೂ ಮಾಡಿಲ್ಲ. ವೈದ್ಯರು ಬರೆದದ್ದನ್ನು ಬರೆದಂತೆ ನುಂಗಿದ್ದಾರೆ. ದೇಹ ಔಷಧಕ್ಕೆ ಒಗ್ಗಿಕೊಂಡಿದೆ, ಅಷ್ಟೇ.

‘ಬಿಡಬೇಕು’ ಎಂದು ಶುರುಮಾಡದೆ, ‘ಬೆಳಿಗ್ಗೆ ತಲೆ ಭಾರ ಎನ್ನುತ್ತಿದ್ದೀರಲ್ಲ, ಮಾತ್ರೆಯಿಂದ ಇರಬಹುದಾ ಎಂದು ಡಾಕ್ಟರನ್ನು ಕೇಳೋಣವಾ’ ಎಂದು ಶುರುಮಾಡಿ. ಮಾಹಿತಿಯೇ ಅರ್ಧ ಕೆಲಸ ಮಾಡುವುದುಂಟು. ಕೆನಡಾದಲ್ಲೇ ನಡೆದ, 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಅಪಾಯಗಳನ್ನೂ ಇಳಿಸುವ ವಿಧಾನವನ್ನೂ ವಿವರಿಸಿದ ಒಂದು ಕಿರುಹೊತ್ತಿಗೆಯನ್ನು ಹಿರಿಯರ ಕೈಗೇ ಕೊಟ್ಟರು. ಆರು ತಿಂಗಳಲ್ಲಿ ಅವರಲ್ಲಿ ಶೇ. 27 ಮಂದಿ ಮಾತ್ರೆ ನಿಲ್ಲಿಸಿದ್ದರು. ಅದು ಸಿಗದ ಗುಂಪಿನಲ್ಲಿ ನಿಲ್ಲಿಸಿದವರು ಶೇ. 5.

ಮೊದಲೇ ಒಂದು ಮಾತು ಕೊಡಿ: ವೇಗ ನಿಮ್ಮದು, ಬೇಡ ಎಂದ ಕಡೆ ನಿಲ್ಲುತ್ತೇವೆ. ಈ ಮಾತನ್ನು ಉಳಿಸಿಕೊಳ್ಳಿ.

ಹಂತ 2: ವೈದ್ಯರ ಭೇಟಿ

ವೈದ್ಯರು ತೀರ್ಮಾನಿಸಬೇಕಾದ ಮೊದಲ ವಿಷಯ, ಈಗ ಇಳಿಸುವುದು ಸುರಕ್ಷಿತವೇ ಎಂಬುದು. ಹಿಂದೆ ಫಿಟ್ಸ್ ಬಂದಿದ್ದರೆ, ಮದ್ಯದ ಅಭ್ಯಾಸವಿದ್ದರೆ, ತೀವ್ರ ಖಿನ್ನತೆ ಅಥವಾ ಆತ್ಮಹತ್ಯೆಯ ಯೋಚನೆ ಇದ್ದರೆ, ಈ ಮುಂಚೆ ಮಾತ್ರೆ ಬಿಟ್ಟಾಗ ಗೊಂದಲ ಉಂಟಾಗಿದ್ದರೆ ಮುಚ್ಚಿಡದೆ ಹೇಳಿ. ಇಂಥವರಿಗೆ ಮನೋವೈದ್ಯರ ನೇರ ನಿಗಾ, ಕೆಲವೊಮ್ಮೆ ಆಸ್ಪತ್ರೆಯ ದಾಖಲಾತಿ ಬೇಕಾಗುತ್ತದೆ. ಮಾರ್ಫೀನ್, ಟ್ರಮಡಾಲ್‌ನಂಥ ಓಪಿಯಾಯ್ಡ್ ನೋವು ನಿವಾರಕಗಳೂ ನಡೆಯುತ್ತಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ. ಎರಡೂ ಸೇರಿದರೆ ಉಸಿರಾಟವೇ ಕುಂದಬಹುದು.

ಎರಡನೆಯದು, ನಿದ್ದೆ ಕೆಡಿಸುವ ಬೇರೆ ಕಾರಣಗಳ ತಪಾಸಣೆ. ಜೋರಾದ ಗೊರಕೆಯ ನಡುವೆ ಉಸಿರು ಕಟ್ಟುವುದು (ಸ್ಲೀಪ್ ಆಪ್ನಿಯಾ), ಕಾಲಿನಲ್ಲಿ ಹರಿದಾಡಿದಂಥ ಚಡಪಡಿಕೆ, ಪದೇ ಪದೇ ಮೂತ್ರಕ್ಕೆ ಏಳುವುದು, ಕೀಲುನೋವು, ಖಿನ್ನತೆ. ಇವುಗಳಲ್ಲಿ ಒಂದನ್ನು ಕಡೆಗಣಿಸಿದರೂ ಮುಂದೆ ಎಲ್ಲ ತಪ್ಪೂ ‘ಮಾತ್ರೆ ಇಳಿಸಿದ್ದರಿಂದ’ ಎಂಬ ಲೆಕ್ಕಕ್ಕೆ ಹೋಗುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ತೆಗೆದುಕೊಳ್ಳುತ್ತಿದ್ದರೆ ಬೆಳಿಗ್ಗೆಗೆ ಬದಲಿಸಬಹುದೇ ಎಂದು ಕೇಳಿ.

ಮೂರನೆಯದು, ಒಬ್ಬರೇ ವೈದ್ಯರು ಈ ಮಾತ್ರೆ ಬರೆಯಲಿ. ಇಬ್ಬರು ಮೂವರು ಬರೆಯುತ್ತಿದ್ದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಹಂತ 3: ಎರಡು ವಾರದ ನಿದ್ದೆ ದಿನಚರಿ

ಪ್ರಮಾಣ ಇನ್ನೂ ಇಳಿಸಬೇಡಿ. ದಿನಾ ಬೆಳಿಗ್ಗೆ ಇಷ್ಟು ಬರೆದಿಡಿ: ಹಾಸಿಗೆಗೆ ಹೋದ ಹೊತ್ತು, ನಿದ್ದೆ ಹತ್ತಲು ಹಿಡಿದ ಸಮಯ, ನಡುವೆ ಎಚ್ಚರವಾಗಿದ್ದ ಒಟ್ಟು ಸಮಯ, ಎದ್ದ ಹೊತ್ತು, ಹಗಲು ಮಲಗಿದ್ದೆಷ್ಟು, ಮಾತ್ರೆ ಎಷ್ಟು ಗಂಟೆಗೆ ಎಷ್ಟು ನುಂಗಿದ್ದು. ಅಂದಾಜು ಸಾಕು. ರಾತ್ರಿ ಗಡಿಯಾರ ನೋಡುತ್ತ ಕೂತು ಬರೆಯಬಾರದು; ಗಡಿಯಾರವನ್ನು ಗೋಡೆಯ ಕಡೆಗೆ ತಿರುಗಿಸಿಡಿ.

ದಿನಚರಿ ತುಂಬಿದ ಮೇಲೆ ಹಲವರಿಗೆ ಕಾಣುವುದು ಒಂದೇ ಚಿತ್ರ. ಒಂಬತ್ತು ಗಂಟೆ ಹಾಸಿಗೆಯಲ್ಲಿ, ಆರು ಗಂಟೆ ನಿದ್ದೆ, ಉಳಿದ ಮೂರು ಗಂಟೆ ಹೊರಳಾಟ. ಅದರ ಜೊತೆಗೆ ಟಿವಿ ಮುಂದೆ ಒಂದು ಗಂಟೆಯ ತೂಕಡಿಕೆ. ವಯಸ್ಸಾದಂತೆ ಗಾಢ ನಿದ್ದೆ ಕಡಿಮೆಯಾಗುವುದು, ಸಂಜೆ ಬೇಗ ಜೊಂಪು ಹತ್ತುವುದು, ನಸುಕಿನಲ್ಲೇ ಎಚ್ಚರವಾಗುವುದು ಸಹಜ. ಅದನ್ನು ಕಾಯಿಲೆ ಎಂದುಕೊಂಡು ಎಂಟು ಗಂಟೆ ನಿದ್ದೆಗಾಗಿ ಹಾಸಿಗೆಯಲ್ಲಿ ಬಿದ್ದುಕೊಂಡಷ್ಟೂ ನಿದ್ದೆ ತುಂಡಾಗುತ್ತದೆ.

ಹಂತ 4: ಮಾತಿನ ಚಿಕಿತ್ಸೆ ಶುರು

ಇದು ಇಡೀ ಯೋಜನೆಯ ಬೆನ್ನೆಲುಬು. ಮೊದಲ ಸಲ ಮಾತ್ರೆ ಇಳಿಸುವುದಕ್ಕೆ ಮೂರು ನಾಲ್ಕು ವಾರ ಮುಂಚೆಯೇ ಇದು ಶುರುವಾಗಿರಲಿ ಎಂಬುದು ನನ್ನ ಒತ್ತಾಯ. ಎರಡನ್ನೂ ಒಂದೇ ವಾರ ಶುರುಮಾಡಿದರೆ ಕೆಟ್ಟ ರಾತ್ರಿಗೆ ಯಾವುದು ಕಾರಣ ಎಂದು ಯಾರಿಗೂ ತಿಳಿಯುವುದಿಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋದಾಗ ನೇರವಾಗಿ ಕೇಳಿ: ನಿಮಗೆ ಸಿಬಿಟಿ-ಐ ತರಬೇತಿ ಇದೆಯೇ? ಮಾತ್ರೆ ಇಳಿಸುತ್ತಿರುವವರ ಜೊತೆ ಕೆಲಸ ಮಾಡಿದ್ದೀರಾ? ನಮ್ಮ ವೈದ್ಯರ ಜೊತೆ ಮಾತಾಡುತ್ತೀರಾ? ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ವಿಡಿಯೊ ಕರೆಯಲ್ಲೂ ನಡೆಯುತ್ತದೆ. ಹಿರಿಯರಿಗೆಂದೇ ರೂಪಿಸಿ ಪರೀಕ್ಷಿಸಿದ ಚಿಕ್ಕ ರೂಪವೂ ಇದೆ: ಎರಡು ಮುಖತಃ ಭೇಟಿ, ಎರಡು ಫೋನ್ ಕರೆ. ಕಿವಿ ಮಂದವಿದ್ದರೆ, ಮರೆವಿದ್ದರೆ ಮನೆಯವರೊಬ್ಬರು ಜೊತೆಗೆ ಕೂರಲಿ, ಹೇಳಿದ್ದನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿಕೊಳ್ಳಲಿ.

ಚಿಕಿತ್ಸೆಯಲ್ಲಿ ಏನಾಗುತ್ತದೆ?

*ಹಾಸಿಗೆಯ ನಿಯಮ.* ಜೊಂಪು ಹತ್ತಿದಾಗಲೇ ಮಲಗುವುದು. ಹಾಸಿಗೆ ನಿದ್ದೆಗೆ ಮಾತ್ರ. ಸುಮಾರು 15–20 ನಿಮಿಷ ನಿದ್ದೆ ಬಾರದಂತೆ ಅನಿಸಿದರೆ ಎದ್ದು ಬೇರೆ ಕಡೆ, ಮಂದ ಬೆಳಕಿನಲ್ಲಿ, ಮನಸ್ಸು ಕೆರಳಿಸದ ಏನಾದರೂ ಮಾಡುತ್ತ ಕೂರುವುದು. ಮತ್ತೆ ಕಣ್ಣು ಎಳೆದಾಗ ಮರಳುವುದು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಒಂದೇ. ಹಗಲು ನಿದ್ದೆ ಬೇಕೇ ಬೇಕೆಂದರೆ ಮೂರು ಗಂಟೆಯೊಳಗೆ, ಅರ್ಧ ಗಂಟೆ ಮೀರದಂತೆ. ಹಾಸಿಗೆ ಎಂದರೆ ಹೊರಳಾಟ ಎಂದು ಮೆದುಳು ವರ್ಷಗಟ್ಟಲೆ ಕಲಿತಿರುತ್ತದೆ, ಅದನ್ನು ಮರೆಸುವ ಉಪಾಯ ಇದು. ಆದರೆ ಬೀಳುವ ಭಯ ಇರುವವರು ಕತ್ತಲಲ್ಲಿ ಮನೆಯೆಲ್ಲ ಓಡಾಡಬಾರದು. ಮಂಚದ ಪಕ್ಕದಲ್ಲೇ ಕೈಹಿಡಿ ಇರುವ ಕುರ್ಚಿ ಇಡಿ. ಅದೂ ಕಷ್ಟವಾದರೆ ದಿಂಬಿಗೊರಗಿ ಎದ್ದು ಕೂತರೂ ಆದೀತು.

*ನಿದ್ದೆಯ ಕಿಟಕಿ.* ಹಾಸಿಗೆಯಲ್ಲಿರುವ ಸಮಯವನ್ನು ನಿಜವಾಗಿ ಬರುವ ನಿದ್ದೆಗೆ ಹತ್ತಿರ ತರುವುದು. ಮೇಲಿನ ಉದಾಹರಣೆಯಲ್ಲಿ ಒಂಬತ್ತು ಗಂಟೆಯಲ್ಲಿ ಆರು ಗಂಟೆ ನಿದ್ದೆ, ಅಂದರೆ ಶೇ. 67. ಈ ಅಂಕಿಗೆ ‘ನಿದ್ದೆಯ ದಕ್ಷತೆ’ ಎನ್ನುತ್ತಾರೆ. ಗಟ್ಟಿಮುಟ್ಟಾದವರಿಗೆ ಒಮ್ಮೆಲೇ ಆರೂವರೆ ಗಂಟೆಗೆ ಇಳಿಸುವುದುಂಟು: ರಾತ್ರಿ 11:30ಕ್ಕೆ ಮಲಗಿ ಬೆಳಿಗ್ಗೆ 6ಕ್ಕೆ ಏಳುವುದು. ಹಿರಿಯರಿಗೆ ನಾನು ಇಷ್ಟಪಡುವುದು ಮೆಲ್ಲಗಿನ ದಾರಿಯನ್ನು: ವಾರಕ್ಕೆ ಅರ್ಧ ಗಂಟೆಯಂತೆ ಕುಗ್ಗಿಸುತ್ತ ಹೋಗುವುದು. ದಕ್ಷತೆ ಶೇ. 85ರ ಆಸುಪಾಸಿಗೆ ಬಂದು ನಿಂತ ಮೇಲೆ 15 ನಿಮಿಷದಂತೆ ಮತ್ತೆ ಹಿಗ್ಗಿಸುವುದು. ಯಾವ ಕಾರಣಕ್ಕೂ ಐದು ಗಂಟೆಗಿಂತ ಕೆಳಗೆ ಹೋಗಬಾರದು. ಬೈಪೋಲಾರ್ ಕಾಯಿಲೆ, ಮೂರ್ಛೆರೋಗ, ನಿದ್ದೆಯಲ್ಲಿ ನಡೆಯುವ ಅಭ್ಯಾಸ, ಚಿಕಿತ್ಸೆಯಾಗದ ಸ್ಲೀಪ್ ಆಪ್ನಿಯಾ ಇರುವವರು ಚಿಕಿತ್ಸಕರ ಒಪ್ಪಿಗೆ ಇಲ್ಲದೆ ಇದನ್ನು ಮುಟ್ಟಬಾರದು. ಮೊದಲ ವಾರಗಳಲ್ಲಿ ಹಗಲು ಮಂಪರು ಹೆಚ್ಚುವುದರಿಂದ ವಾಹನ ಓಡಿಸುವುದು ಬೇಡ.

*ಯೋಚನೆಗಳ ಕೆಲಸ.* ‘ಮಾತ್ರೆ ಇಲ್ಲದೆ ನನಗೆ ನಿದ್ದೆ ಬರುವುದೇ ಇಲ್ಲ’, ‘ಇವತ್ತು ನಿದ್ದೆ ಬಾರದಿದ್ದರೆ ನಾಳೆ ಕುಸಿದು ಬೀಳುತ್ತೇನೆ’. ಇಂಥ ಮಾತುಗಳನ್ನು ಕಾಗದದ ಮೇಲೆ ತಂದು, ದಿನಚರಿ ಎದುರಿಗಿಟ್ಟು ಪರೀಕ್ಷಿಸುತ್ತಾರೆ. ಮಾತ್ರೆ ನುಂಗಿಯೂ ನಿದ್ದೆ ಬಾರದ ರಾತ್ರಿಗಳು ಎಷ್ಟಿದ್ದವು? ಕೆಟ್ಟ ರಾತ್ರಿಯ ಮಾರನೆ ದಿನ ಏನೇನು ಮಾಡಲು ಆಯಿತು? ವಾದ ಮಾಡಿ ಗೆಲ್ಲುವ ಉದ್ದೇಶ ಇಲ್ಲಿಲ್ಲ. ಅವರ ಕೈಬರಹವೇ ಅವರಿಗೆ ಉತ್ತರ ಹೇಳಬೇಕು. ಮಾತ್ರೆ ಶುರುವಾದದ್ದು ಆತಂಕಕ್ಕೋ ಸಂಗಾತಿಯ ಸಾವಿನ ನಂತರವೋ ಆಗಿದ್ದರೆ, ಆ ಮಾತು ಆಡಲೂ ಇಲ್ಲಿ ಸಮಯ ಸಿಗಬೇಕು. ದುಃಖಕ್ಕೆಂದು ಶುರುವಾದ ಮಾತ್ರೆ ದುಃಖ ತಿಳಿಯಾದ ಮೇಲೂ ಹಾಗೇ ಮುಂದುವರಿದಿರುವುದು ತುಂಬ ಕಡೆ ಕಾಣುವ ಸಂಗತಿ.

*ದೇಹ ಸಡಿಲಿಸುವುದು.* ನಿಧಾನ ಉಸಿರಾಟ, ಒಂದೊಂದೇ ಸ್ನಾಯುವನ್ನು ಬಿಗಿಮಾಡಿ ಬಿಡುವ ಅಭ್ಯಾಸ. ಹಗಲಿನಲ್ಲೇ ಕಲಿತುಕೊಳ್ಳಿ, ಕೆಟ್ಟ ರಾತ್ರಿಯ ನಡುವೆ ಮೊದಲ ಸಲ ಮಾಡಿದರೆ ಕೈಗೂಡುವುದಿಲ್ಲ.

‘ಸಂಜೆ ಕಾಫಿ ಬಿಡಿ, ಫೋನ್ ದೂರ ಇಡಿ’ ಎಂಬ ಸಲಹೆಪಟ್ಟಿಯನ್ನಷ್ಟೇ ಕೊಟ್ಟು ಕಳಿಸಿದರೆ ಅದನ್ನು ಚಿಕಿತ್ಸೆ ಎಂದುಕೊಳ್ಳಬೇಡಿ. ಅವು ತಪ್ಪಲ್ಲ, ಆದರೆ ಅಷ್ಟರಿಂದಲೇ ಹಳೆಯ ನಿದ್ದೆಗೇಡು ಹೋಗುವುದಿಲ್ಲ.

ಹಂತ 5: ಪ್ರಮಾಣ ಇಳಿಸುವುದು

2025ರಲ್ಲಿ ಅಮೆರಿಕದ ಹಲವು ವೈದ್ಯ ಸಂಘಟನೆಗಳು ಸೇರಿ ಹೊರತಂದ ಮಾರ್ಗಸೂಚಿ ಹೇಳುವುದು ಹೀಗೆ: ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸಿ ಶುರುಮಾಡಿ. ಎರಡು ವಾರಕ್ಕೆ ಶೇ. 25 ಮೀರಬೇಡಿ. ಈ ಶೇಕಡಾವಾರು ಆಯಾ ಹೊತ್ತಿನ ಪ್ರಮಾಣದ ಮೇಲಿನ ಲೆಕ್ಕ, ಮೊದಲಿದ್ದ ಪ್ರಮಾಣದ ಮೇಲಿನದಲ್ಲ. ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಒಂದು ಉದಾಹರಣೆ ನೋಡೋಣ.

ರಾತ್ರಿ 10 ಮಿಲಿಗ್ರಾಂ ಡಯಜೆಪಾಮ್ ಎಂದುಕೊಳ್ಳಿ. 2 ಮಿಲಿಗ್ರಾಂ ಮಾತ್ರೆಗಳಲ್ಲಿ ದಿನಕ್ಕೆ ಐದು. ಅರ್ಧ ಮಾತ್ರೆ ಕಡಿಮೆ ಮಾಡಿದರೆ 9, ಇಳಿದದ್ದು ಶೇ. 10. ಸರಿ. ಹೀಗೇ ಅರ್ಧರ್ಧ ಇಳಿಸುತ್ತ 5ಕ್ಕೆ ಬಂದಿರಿ. ಅಲ್ಲಿಂದ 4ಕ್ಕೆ ಹೋದರೆ ಅದೇ ಅರ್ಧ ಮಾತ್ರೆ ಈಗ ಶೇ. 20. 2ರಿಂದ 1ಕ್ಕೆ ಬಂದಾಗ ಶೇ. 50! ಮೊದಲ ಅರ್ಧ ದಾರಿ ಸಲೀಸಾಗಿ ಸಾಗಿ, ಕೊನೆಗೆ ಬಂದಾಗ ಇದ್ದಕ್ಕಿದ್ದಂತೆ ತಡೆಯಲಾಗದಂತೆ ಆಗುವುದಕ್ಕೆ ಇದೂ ಒಂದು ಕಾರಣ. ಆಗ ಹಿರಿಯರ ಮನೋಬಲವನ್ನು ದೂರದೆ ಲೆಕ್ಕ ನೋಡಿ. ಕೆಳಗಿಳಿದಂತೆ ಹೆಜ್ಜೆ ಚಿಕ್ಕದಾಗಬೇಕು, ಅಥವಾ ಹೆಜ್ಜೆಗಳ ನಡುವಿನ ವಾರಗಳು ಹೆಚ್ಚಬೇಕು. ಮಾತ್ರೆ ಅಷ್ಟು ಸಣ್ಣದಾಗಿ ತುಂಡಾಗದಿದ್ದರೆ ದ್ರವರೂಪದ ಔಷಧ ಅಥವಾ ಕಡಿಮೆ ಶಕ್ತಿಯ ಮಾತ್ರೆ ಸಿಗುತ್ತದೆಯೇ ಎಂದು ವೈದ್ಯರನ್ನೂ ಫಾರ್ಮಾಸಿಸ್ಟರನ್ನೂ ಕೇಳಿ. ನೀವಾಗಿ ನೀರಿನಲ್ಲಿ ಕದಡಿ ಅಳೆಯಬೇಡಿ.

ಇಡೀ ವೇಳಾಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆಸಿ, ಎಲ್ಲರಿಗೂ ಕಾಣುವಲ್ಲಿ ಅಂಟಿಸಿ, ವಾರದ ಡಬ್ಬಿಯನ್ನು ಅದರಂತೆ ತುಂಬಿ. ಶುರುಮಾಡಲು ಶಾಂತವಾದ ತಿಂಗಳನ್ನು ಆರಿಸಿಕೊಳ್ಳಿ. ಮನೆ ಬದಲಿಸುವಾಗ, ಶಸ್ತ್ರಚಿಕಿತ್ಸೆ ಹತ್ತಿರವಿದ್ದಾಗ ಬೇಡ.

ಸಾಮಾನ್ಯವಾಗಿ ಆಗುವ ತಪ್ಪುಗಳು ಇವು:

– ದಿನ ಬಿಟ್ಟು ದಿನ ನುಂಗುವುದು. ದೇಹದಿಂದ ಬೇಗ ಇಳಿದುಹೋಗುವ ಔಷಧಗಳಲ್ಲಿ ಇದರಿಂದ ರಕ್ತದಲ್ಲಿನ ಮಟ್ಟ ಏರಿಳಿದು, ಪ್ರತಿ ಎರಡನೇ ರಾತ್ರಿ ಪೂರ್ತಿ ನಿಲ್ಲಿಸಿದಂತೆಯೇ ಆಗುತ್ತದೆ. ದಿನಾ ಸ್ವಲ್ಪ ಸ್ವಲ್ಪ ಇಳಿಸುವುದು ಮೇಲು.

– ‘ನಿದ್ದೆ ಬಾರದಿದ್ದರೆ ಮಾತ್ರ ನುಂಗಿ’ ಎನ್ನುವುದು. ಆಗ ಮಲಗಿದವರು ಮಾತ್ರೆ ಬೇಕಾ ಬೇಡವಾ ಎಂದು ಲೆಕ್ಕ ಹಾಕುತ್ತಲೇ ಇರುತ್ತಾರೆ. ಗೊತ್ತಾದ ಹೊತ್ತಿಗೆ, ಗೊತ್ತಾದ ಪ್ರಮಾಣ, ನಿದ್ದೆ ಬಂದರೂ ಬಾರದಿದ್ದರೂ.

– ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ತುಂಡರಿಸುವುದು. ಡಬ್ಬಿಯ ಮೇಲೆ ಎಸ್‌ಆರ್, ಇಆರ್, ಎಕ್ಸ್‌ಆರ್, ಸಿಆರ್ ಎಂದಿದ್ದರೆ ವೈದ್ಯರನ್ನು ಕೇಳದೆ ಕತ್ತರಿಸಬೇಡಿ. ಔಷಧ ಒಮ್ಮೆಲೇ ಬಿಡುಗಡೆಯಾಗಬಹುದು.

– ‘ಎಲ್ಲರನ್ನೂ ಡಯಜೆಪಾಮ್‌ಗೆ ಬದಲಿಸಬೇಕು’ ಎಂಬ ಹಳೆಯ ಸಲಹೆಯನ್ನು ಹಿರಿಯರಿಗೂ ಹಾಗೇ ಅನ್ವಯಿಸುವುದು. ಅದು ದೇಹದಿಂದ ನಿಧಾನವಾಗಿ ಇಳಿದುಹೋಗುವುದರಿಂದ ಕಿರಿಯರಿಗೆ ಅನುಕೂಲ. ಹಿರಿಯರ ದೇಹದಲ್ಲಿ ಅದೇ ಗುಣದಿಂದ ಶೇಖರವಾಗಿ ಬೀಳುವಿಕೆಗೆ ದಾರಿಯಾಗಬಹುದು. ಬದಲಿಸುವ ತೀರ್ಮಾನ ವೈದ್ಯರದ್ದೇ ಇರಲಿ.

– ಖಾಲಿಯಾದ ಜಾಗಕ್ಕೆ ಇನ್ನೊಂದನ್ನು ತುಂಬುವುದು. ಮದ್ಯ ಬೇಡವೇ ಬೇಡ. ಚೀಟಿಯಿಲ್ಲದೆ ಸಿಗುವ, ನಿದ್ದೆ ತರುವ ಅಲರ್ಜಿ ಮಾತ್ರೆಗಳೂ ಬೇಡ. ಡೈಫೆನ್‌ಹೈಡ್ರಮೀನ್‌ನಂಥವು ಹಿರಿಯರಲ್ಲಿ ಗೊಂದಲ, ಮಲಬದ್ಧತೆ, ಮೂತ್ರ ಕಟ್ಟುವಿಕೆ ತರುತ್ತವೆ. ಅವೂ ಬಿಯರ್ಸ್ ಪಟ್ಟಿಯಲ್ಲಿವೆ.

ಹಂತ 6: ಕೆಟ್ಟ ರಾತ್ರಿಗಳನ್ನು ದಾಟುವುದು

ಪ್ರತಿ ಇಳಿಕೆಯ ನಂತರ ಕೆಲವು ರಾತ್ರಿ ನಿದ್ದೆ ಮೊದಲಿಗಿಂತ ಕೆಡಬಹುದು. ಇದಕ್ಕೆ ‘ರಿಬೌಂಡ್’ ಎನ್ನುತ್ತಾರೆ, ಅದುಮಿಟ್ಟ ನಿದ್ದೆಗೇಡು ಸ್ವಲ್ಪ ಕಾಲ ಪುಟಿದೇಳುವುದು. ಜೊತೆಗೆ ಆತಂಕ, ಬೆವರು, ಎದೆಬಡಿತ, ಕೈನಡುಕ, ಸಿಡುಕು, ಎದ್ದುಕಾಣುವ ಕನಸುಗಳು, ಬೆಳಕು ಸದ್ದು ಸಹಿಸಲಾಗದಿರುವುದು. ಬೇಗ ಇಳಿಯುವ ಔಷಧಗಳಲ್ಲಿ ಇವು ಒಂದೆರಡು ದಿನದಲ್ಲೇ ಕಾಣಿಸುತ್ತವೆ. ಡಯಜೆಪಾಮ್‌ನಂಥದರಲ್ಲಿ ವಾರ ಕಳೆದ ಮೇಲೂ ಬರಬಹುದು.

ಹಿರಿಯರು ಈ ಹೊತ್ತಿನಲ್ಲಿ ‘ನೋಡಿದಿರಾ, ನನಗೆ ಮಾತ್ರೆ ಬೇಕೇ ಬೇಕು’ ಎನ್ನುತ್ತಾರೆ. ಅವರ ಸಂಕಟ ನಿಜ. ಆದರೆ ಆ ರಾತ್ರಿ ಮಾತ್ರೆಯ ಅಗತ್ಯವನ್ನು ಸಾಬೀತು ಮಾಡುವುದಿಲ್ಲ. ಮೆದುಳು ಹೊಸ ಪ್ರಮಾಣಕ್ಕೆ ಇನ್ನೂ ಹೊಂದಿಕೊಳ್ಳುತ್ತಿದೆ ಎಂದಷ್ಟೇ ಹೇಳುತ್ತದೆ. ಇಳಿಸಿದ ಕೂಡಲೇ ಬಂದು, ಅಲೆಯಂತೆ ಏರಿ, ದಿನಗಳು ಕಳೆದಂತೆ ತಗ್ಗುವುದು ಬಿಡುವಿಕೆಯ ಲಕ್ಷಣ. ಇಳಿಕೆಗೆ ಸಂಬಂಧವಿಲ್ಲದೆ ವಾರದಿಂದ ವಾರಕ್ಕೆ ಗಟ್ಟಿಯಾಗುತ್ತ ಹೋಗುವ ಆತಂಕ ಅಥವಾ ಬೇಸರ ಹಳೆಯ ಕಾಯಿಲೆ ಮರುಕಳಿಸಿದ್ದರ ಸೂಚನೆಯಾಗಿರಬಹುದು. ಅದಕ್ಕೆ ಅದರದ್ದೇ ಚಿಕಿತ್ಸೆ ಬೇಕು. ನೋಟ್‌ಬುಕ್ಕಿನಲ್ಲಿ ದಿನಾಂಕ ಬರೆದಿದ್ದರೆ ವ್ಯತ್ಯಾಸ ತಾನಾಗಿಯೇ ಕಾಣುತ್ತದೆ.

ತೊಂದರೆ ಹೆಚ್ಚಾದರೆ ಮೊದಲ ಉತ್ತರ, ಇದ್ದಲ್ಲೇ ನಿಲ್ಲುವುದು. ಅದೇ ಪ್ರಮಾಣದಲ್ಲಿ ಇನ್ನೆರಡು ವಾರ, ಬೇಕಾದರೆ ನಾಲ್ಕು ವಾರ. ನಿಂತರೆ ಸೋತಂತಲ್ಲ. ನಿಂತರೂ ತಗ್ಗದಿದ್ದರೆ ಒಂದು ಹೆಜ್ಜೆ ಹಿಂದೆ ಹೋಗಬೇಕೇ ಎಂಬುದನ್ನು ವೈದ್ಯರು ಹೇಳಲಿ. ಇಳಿಸಿದ ವಾರಗಳಲ್ಲಿ ಚಿಕಿತ್ಸಕರ ಜೊತೆ ಒಂದು ಫೋನ್ ಕರೆಯನ್ನಾದರೂ ಮೊದಲೇ ಗೊತ್ತುಮಾಡಿಕೊಂಡಿರಿ. ಮಾತಿನ ಚಿಕಿತ್ಸೆ ಹೆಚ್ಚು ಬೇಕಾಗುವುದು ಆಗಲೇ.

ಇವು ಕಂಡರೆ ಕಾಯಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ: ಫಿಟ್ಸ್, ಇಲ್ಲದ್ದು ಕಾಣುವುದು ಕೇಳುವುದು, ದಿನ ಜಾಗ ತಿಳಿಯದಂಥ ಗೊಂದಲ, ವಿಪರೀತ ನಡುಕದ ಜೊತೆ ಜ್ವರ, ಸಾಯುವ ಮಾತು. ಎಷ್ಟು ಇಳಿಸಿದ್ದೀರಿ, ಯಾವಾಗ ಎಂಬ ಹಾಳೆ ಜೊತೆಗಿರಲಿ.

ಹಂತ 7: ಕೊನೆಯ ತುಣುಕು ಮತ್ತು ಆಮೇಲೆ

ಕೊನೆಯ ಕಾಲು ಮಾತ್ರೆಯಲ್ಲಿ ಔಷಧಕ್ಕಿಂತ ಧೈರ್ಯ ಹೆಚ್ಚಿರುತ್ತದೆ. ಅದನ್ನು ಬಿಡುವ ದಿನವನ್ನು ಹಿರಿಯರೇ ಆರಿಸಲಿ. ಬಿಟ್ಟ ಮೇಲೆ ಉಳಿದ ಮಾತ್ರೆಗಳನ್ನು ಅವರ ಒಪ್ಪಿಗೆಯಿಂದ ಔಷಧದಂಗಡಿಗೋ ಆಸ್ಪತ್ರೆಗೋ ಹಿಂದಿರುಗಿಸಿ.

ಎಲ್ಲರೂ ಸೊನ್ನೆ ತಲುಪುವುದಿಲ್ಲ. ಅರ್ಧಕ್ಕೆ ಇಳಿದು ಅಲ್ಲೇ ನಿಂತವರ ನಡಿಗೆ, ಎಚ್ಚರ ಎರಡೂ ಸುಧಾರಿಸಬಹುದು. ಆ ಪ್ರಮಾಣದಲ್ಲಿ ಆರು ತಿಂಗಳಿದ್ದು ಮತ್ತೆ ಪ್ರಯತ್ನಿಸಬಹುದು, ಪ್ರಯತ್ನಿಸದೆಯೂ ಇರಬಹುದು. ‘ಇಷ್ಟಕ್ಕೇ ಬಿಟ್ಟಿರಾ’ ಎಂದು ಮನೆಯಲ್ಲಿ ಯಾರೂ ಅನ್ನದಿರಲಿ.

ಮೊದಲ ವರ್ಷದಲ್ಲಿ ನಿದ್ದೆ ಕೆಡುವ ವಾರಗಳು ಬಂದೇ ಬರುತ್ತವೆ. ಸತತ ಮೂರು ನಾಲ್ಕು ರಾತ್ರಿ ಕೆಟ್ಟರೆ ದಿನಚರಿ ಮತ್ತೆ ತೆರೆಯಿರಿ, ಏಳುವ ಹೊತ್ತನ್ನು ಬಿಗಿಹಿಡಿಯಿರಿ, ಕಿಟಕಿಯನ್ನು ಅರ್ಧ ಗಂಟೆ ಕುಗ್ಗಿಸಿ, ಚಿಕಿತ್ಸಕರಿಗೆ ಫೋನ್ ಮಾಡಿ. ಈ ನಾಲ್ಕು ಸಾಲನ್ನು ಹಿರಿಯರ ಕೈಯಲ್ಲೇ ಬರೆಸಿ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿ.

ಇನ್ನೊಂದು ಅಪಾಯದ ಜಾಗ ಆಸ್ಪತ್ರೆ. ಬೇರೆ ಯಾವುದೋ ಕಾರಣಕ್ಕೆ ದಾಖಲಾದಾಗ ರಾತ್ರಿ ಪಾಳಿಯಲ್ಲಿ ನಿದ್ದೆಗೆಂದು ಅದೇ ಗುಂಪಿನ ಮಾತ್ರೆ ಕೊಟ್ಟು, ಅದು ಬಿಡುಗಡೆಯ ಚೀಟಿಯಲ್ಲೂ ಮುಂದುವರಿದು, ತಿಂಗಳುಗಳ ಶ್ರಮ ಸದ್ದಿಲ್ಲದೆ ಅಳಿಸಿಹೋಗಬಹುದು. ಔಷಧಗಳ ಪಟ್ಟಿಯ ತಲೆಯಲ್ಲೇ ಹೀಗೆ ಬರೆದಿಡಿ: ‘ಬೆಂಜೋಡಯಜೆಪೀನ್ ನಿಧಾನವಾಗಿ ಬಿಡಿಸಲಾಗಿದೆ, ಇಂಥ ತಿಂಗಳು ಮುಗಿದಿದೆ, ನಿದ್ದೆಗೆಂದು ಮತ್ತೆ ಕೊಡುವ ಮುಂಚೆ ಮನೆಯವರನ್ನು ಕೇಳಿ.’ ಇನ್ನೂ ಇಳಿಸುತ್ತಿರುವ ನಡುವೆಯೇ ದಾಖಲಾದರೆ ಅಂದಿನ ಪ್ರಮಾಣವನ್ನು ಬರೆಯಿರಿ, ಅದನ್ನು ತಪ್ಪಿಸಬಾರದು ಎಂದೂ ಸೇರಿಸಿ. ಮನೆಗೆ ಹೊರಡುವ ದಿನ ಚೀಟಿಯ ಪ್ರತಿ ಸಾಲನ್ನೂ ಆ ಪಟ್ಟಿಯ ಜೊತೆ ಹೋಲಿಸಿ ನೋಡಿ.